ಗಿಲೀಟಿನ ಕೆಳಗೆ ಏನಿತ್ತು? — ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಅಂತರ್ಯುದ್ಧ ಮುಗಿದ 1865ರಿಂದ ಶತಮಾನದ ಕೊನೆಯವರೆಗಿನ ಆ ದೇಶದ ಸಾಹಿತ್ಯ, ಚಿತ್ರಕಲೆ ಮತ್ತು ವಾಸ್ತುಶಿಲ್ಪದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಏಳನ್ನು ಆಯ್ದುಕೊಂಡಿದ್ದೇನೆ. ಕೆಲವು ಉತ್ತರಗಳು ಕೇಳಿದ್ದಕ್ಕಿಂತ ಉದ್ದವಾಗಿವೆ. ಅದಕ್ಕೆ ಪ್ರಶ್ನೆ ಕೇಳಿದವರಿಗಿಂತ ನನ್ನ ಆಸಕ್ತಿಯೇ ಹೆಚ್ಚು ಕಾರಣ.

ಪ್ರಶ್ನೆ: ಈ ಕಾಲವನ್ನು ‘ಗಿಲ್ಡೆಡ್ ಏಜ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ‘ಸುವರ್ಣಯುಗ’ ಎನ್ನಬಹುದೇ? (ಪದವಿ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಎನ್ನಬಾರದು, ಅರ್ಥವೇ ತಲೆಕೆಳಗಾಗುತ್ತದೆ. ನಮ್ಮಲ್ಲಿ ‘ಗಿಲೀಟಿನ ಒಡವೆ’ ಎಂಬ ಮಾತಿದೆಯಲ್ಲ, ಆ ಗಿಲೀಟೇ ಇದು: ಒಳಗೆ ಹಿತ್ತಾಳೆ, ಮೇಲೆ ಚಿನ್ನದ ನೀರು. ‘ಗಿಲೀಟಿನ ಯುಗ’ ಎಂದರೆ ಮೂಲದ ಕುಹಕವೂ ಉಳಿಯುತ್ತದೆ. ಹೆಸರು ಹುಟ್ಟಿದ್ದು 1873ರಲ್ಲಿ ಮಾರ್ಕ್ ಟ್ವೇನ್ ಮತ್ತು ಹಾರ್ಟ್‌ಫರ್ಡಿನಲ್ಲಿ ಅವನ ನೆರೆಯವನಾಗಿದ್ದ ಚಾರ್ಲ್ಸ್ ಡಡ್ಲಿ ವಾರ್ನರ್ ಸೇರಿ ಬರೆದ ‘ದಿ ಗಿಲ್ಡೆಡ್ ಏಜ್’ ಎಂಬ ಕಾದಂಬರಿಯಿಂದ. ಬೆಲೆ ಏರಲಿದೆ ಎಂಬ ಆಸೆಯಲ್ಲಿ ಭೂಮಿ ಹಿಡಿದುಕೊಂಡು ಕುಳಿತವರು, ವಾಷಿಂಗ್ಟನ್ನಿನಲ್ಲಿ ಮಸೂದೆಗಳಿಗಾಗಿ ಓಲೈಕೆ ನಡೆಸುವವರು, ಮತ ಮಾರಿಕೊಳ್ಳುವ ಪ್ರತಿನಿಧಿಗಳು ಅದರ ಪಾತ್ರಗಳು. ಕಾದಂಬರಿಯಾಗಿ ಅದು ಸಡಿಲವಾದದ್ದು. ಇಂದು ಅದನ್ನು ಪೂರ್ತಿ ಓದುವವರು ಕಡಿಮೆ. ಹೆಸರು ಮಾತ್ರ ಮುಂದಿನ ಇತಿಹಾಸಕಾರರ ಕೈಗೆ ಸಿಕ್ಕಿ ಒಂದು ಕಾಲಘಟ್ಟದ ಹೆಸರಾಯಿತು.

1869ರ ಮೇ 10ರಂದು ಖಂಡದ ಎರಡು ಅಂಚುಗಳನ್ನು ಕೂಡಿಸುವ ರೈಲುಹಾದಿ ಪೂರ್ಣಗೊಂಡಿತು. ರೈಲು, ಉಕ್ಕು, ಎಣ್ಣೆಗಳಿಂದ ಹಣ ಮಾಡಿದ ಮನೆತನಗಳು ಆ ಹಣಕ್ಕೆ ಕುಲೀನತೆಯನ್ನೂ ಕೊಳ್ಳಲು ಹೊರಟವು. ವ್ಯಾಂಡರ್‌ಬಿಲ್ಟ್ ಮನೆತನಕ್ಕೆ ರಿಚರ್ಡ್ ಮಾರಿಸ್ ಹಂಟ್ ಎಂಬ ವಾಸ್ತುಶಿಲ್ಪಿ ಕಟ್ಟಿಕೊಟ್ಟ ಎರಡು ಮನೆಗಳು, ಅಂದರೆ ನ್ಯೂಪೋರ್ಟಿನ ಎಪ್ಪತ್ತು ಕೋಣೆಗಳ ‘ಬ್ರೇಕರ್ಸ್’ ಮತ್ತು ನಾರ್ತ್ ಕ್ಯಾರೊಲೈನಾದ ಇನ್ನೂರೈವತ್ತು ಕೋಣೆಗಳ ‘ಬಿಲ್ಟ್‌ಮೋರ್’, ಎರಡೂ 1895ರಲ್ಲಿ ಸಿದ್ಧವಾದವು. ಒಂದು ಇಟಲಿಯ ಅರಮನೆಯ ವೇಷದಲ್ಲಿದ್ದರೆ ಇನ್ನೊಂದು ಫ್ರಾನ್ಸಿನ ಕೋಟೆಮನೆಯ ವೇಷದಲ್ಲಿದೆ. ಅದೇ ದೇಶದಲ್ಲಿ, ಅದೇ ವರ್ಷಗಳಲ್ಲಿ, ಈ ಎರವಲು ವೇಷವನ್ನು ಕಳಚಿ ಕಣ್ಣೆದುರಿನದನ್ನೇ ನೋಡಬೇಕೆಂದು ಹಟ ಹಿಡಿದ ಕೆಲವು ಬರಹಗಾರರು, ಚಿತ್ರಕಾರರು ಮತ್ತು ಕಟ್ಟಡ ಕಟ್ಟುವವರು ಇದ್ದರು. ಮುಂದಿನ ಉತ್ತರಗಳಲ್ಲಿ ನಾನು ಹೆಚ್ಚಾಗಿ ಅವರ ಪಕ್ಷವನ್ನೇ ವಹಿಸುತ್ತೇನೆಂದು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ‘ಹಕಲ್‌ಬೆರಿ ಫಿನ್’ ಅಪ್ಪಟ ಅಮೆರಿಕನ್ ಕಾದಂಬರಿ ಎನ್ನುತ್ತಾರೆ. ಹಾಗಿದ್ದರೆ ಅದು ಮೊದಲು ಲಂಡನ್ನಿನಲ್ಲಿ ಪ್ರಕಟವಾದದ್ದೇಕೆ? ಅದರ ಭಾಷೆಯ ಬಗ್ಗೆ ಇಷ್ಟೊಂದು ಮಾತೇಕೆ? (ಇಂಗ್ಲಿಷ್ ಅಧ್ಯಾಪಕರು, ಧಾರವಾಡ)

ಉತ್ತರ: ಲಂಡನ್ನಿಗೆ ಹೋದದ್ದು ಹಕ್ಕುಸ್ವಾಮ್ಯದ ಲೆಕ್ಕಾಚಾರದಿಂದ. 1891ರವರೆಗೆ ಅಮೆರಿಕದ ಕಾನೂನು ಪರದೇಶದ ಲೇಖಕರಿಗೆ ಹಕ್ಕುಸ್ವಾಮ್ಯ ಕೊಡುತ್ತಿರಲಿಲ್ಲ. ಇಂಗ್ಲೆಂಡಿನ ಜನಪ್ರಿಯ ಕಾದಂಬರಿಯನ್ನು ಲೇಖಕನಿಗೆ ಬಿಡಿಗಾಸು ಕೊಡದೆ ಅಚ್ಚುಹಾಕಿ ಅಗ್ಗದ ಬೆಲೆಗೆ ಮಾರಬಹುದಾಗಿದ್ದ ಪ್ರಕಾಶಕನು, ಗೌರವಧನ ಕೊಡಲೇಬೇಕಾದ ತನ್ನ ದೇಶದ ಲೇಖಕನನ್ನು ಏಕೆ ಹುಡುಕಿಕೊಂಡು ಹೋದಾನು? ಪರದೇಶದವರಿಗೆ ಮಾಡಿದ ಅನ್ಯಾಯದ ಪೆಟ್ಟು ಹೀಗೆ ಮನೆಯವರಿಗೇ ಬಿದ್ದಿತ್ತು. ಬ್ರಿಟನ್ನಿನಲ್ಲಾದರೋ, ಪುಸ್ತಕ ಬ್ರಿಟಿಷ್ ನೆಲದಲ್ಲಿ ಮೊದಲು ಹೊರಬಂದರೆ ಅಮೆರಿಕನ್ ಲೇಖಕನಿಗೂ ರಕ್ಷಣೆ ಸಿಗುತ್ತಿತ್ತು. ಆದ್ದರಿಂದ ಟ್ವೇನ್ ಈ ಪುಸ್ತಕವನ್ನು 1884ರ ಡಿಸೆಂಬರಿನಲ್ಲಿ ಲಂಡನ್ ಮತ್ತು ಕೆನಡಾಗಳಲ್ಲಿ ಹೊರತಂದು, 1885ರ ಫೆಬ್ರವರಿಯಲ್ಲಿ ತನ್ನದೇ ಪ್ರಕಾಶನ ಸಂಸ್ಥೆಯಿಂದ ಅಮೆರಿಕದಲ್ಲಿ ಪ್ರಕಟಿಸಿದ. ಅಲ್ಲಿ ಅದನ್ನು ಮಾರಿದವರು ಮನೆಮನೆಗೆ ಹೋಗಿ ಮುಂಗಡ ಬರೆಸಿಕೊಳ್ಳುವ ಏಜೆಂಟರು.

ಭಾಷೆಯ ವಿಷಯ ಇದಕ್ಕಿಂತ ದೊಡ್ಡದು. ಪುಸ್ತಕದ ಆರಂಭದಲ್ಲಿಯೇ ಒಂದು ಪುಟ್ಟ ವಿವರಣೆಯಿದೆ: ಮಿಸೌರಿಯ ಕರಿಯರ ಮಾತು, ನೈರುತ್ಯದ ಕಾಡಂಚಿನ ಒರಟು ಮಾತು, ಪೈಕ್ ಕೌಂಟಿಯ ಸಾಮಾನ್ಯ ಮಾತು ಮತ್ತು ಅದರ ನಾಲ್ಕು ಮಾರ್ಪಾಡುಗಳನ್ನು ಬಳಸಿದ್ದೇನೆ, ಇದನ್ನು ಹೇಳದಿದ್ದರೆ ಪಾತ್ರಗಳೆಲ್ಲ ಒಂದೇ ರೀತಿ ಮಾತನಾಡಲು ಹೋಗಿ ಸೋತಿವೆಯೆಂದು ಓದುಗರು ತಿಳಿದಾರು ಎಂದು ಲೇಖಕ ಹೇಳುತ್ತಾನೆ. ಆಡುಮಾತನ್ನು ಬಳಸಿದವರಲ್ಲಿ ಅವನೇ ಮೊದಲಿಗನಲ್ಲ. ಆದರೆ ಅವನಿಗಿಂತ ಹಿಂದಿನವರು ಸಾಮಾನ್ಯವಾಗಿ ಆಡುಮಾತನ್ನು ಉದ್ಧರಣ ಚಿಹ್ನೆಗಳ ಬೇಲಿಯೊಳಗೆ ಕೂಡಿಹಾಕುತ್ತಿದ್ದರು. ಬೇಲಿಯ ಹೊರಗೆ ನಿಂತ ನಿರೂಪಕ ಶಿಷ್ಟ ಇಂಗ್ಲಿಷಿನಲ್ಲಿ ಮಾತನಾಡುತ್ತ ತನ್ನ ಪಾತ್ರಗಳನ್ನು ನೋಡಿ ಓದುಗರೊಂದಿಗೆ ಸೇರಿ ನಗುತ್ತಿದ್ದ. ಟ್ವೇನ್ ಆ ಬೇಲಿಯನ್ನೇ ಕಿತ್ತುಹಾಕಿ, ಅರೆಬರೆ ಓದು ಕಲಿತ ಹುಡುಗನ ಬಾಯಿಂದಲೇ ಇಡೀ ಕಥೆಯನ್ನು ಹೇಳಿಸಿದ. ಇದರ ಫಲ ಮೂವತ್ತೊಂದನೆಯ ಅಧ್ಯಾಯದಲ್ಲಿ ಕಾಣುತ್ತದೆ. ಓಡಿಬಂದ ಗುಲಾಮ ಜಿಮ್ ಎಲ್ಲಿದ್ದಾನೆಂದು ಅವನ ಒಡತಿಗೆ ತಿಳಿಸುವ ಕಾಗದವನ್ನು ಬರೆದು, ಕೈಯಲ್ಲಿ ಹಿಡಿದು, ಕೊನೆಗೆ ಹಕ್ ಹರಿದುಹಾಕುತ್ತಾನೆ. ಹಾಗೆ ಮಾಡಿದ್ದರಿಂದ ತಾನು ನರಕಕ್ಕೆ ಹೋಗುತ್ತೇನೆಂದು ಆ ಹುಡುಗ ಪ್ರಾಮಾಣಿಕವಾಗಿ ನಂಬಿದ್ದಾನೆ. ಶಿಷ್ಟ ಭಾಷೆಯ ನಿರೂಪಕನೊಬ್ಬ ಪಕ್ಕದಲ್ಲಿದ್ದಿದ್ದರೆ ಹುಡುಗ ಮಾಡಿದ್ದು ಪುಣ್ಯದ ಕೆಲಸವೆಂದು ನಮಗೆ ಪಿಸುಗುಟ್ಟದೆ ಇರುತ್ತಿರಲಿಲ್ಲ. ಇಲ್ಲಿ ಹಾಗೆ ಪಿಸುಗುಟ್ಟುವವರು ಯಾರೂ ಇಲ್ಲ.

ಮ್ಯಾಸಚೂಸೆಟ್ಸಿನ ಕಾಂಕರ್ಡ್ ಗ್ರಂಥಾಲಯ 1885ರಲ್ಲಿಯೇ ಪುಸ್ತಕವನ್ನು ಒರಟೆಂದು ಹೊರಗಿಟ್ಟಿತು. ಇಂದಿನ ಆಕ್ಷೇಪ ಬೇರೆ ಮತ್ತು ಹೆಚ್ಚು ಗಂಭೀರ: ಕರಿಯರನ್ನು ಹೀನೈಸುವ ಪದ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ಬರುತ್ತದೆ. 2011ರಲ್ಲಿ ಆ ಪದದ ಬದಲು ‘ಗುಲಾಮ’ ಎಂದು ಹಾಕಿದ ಆವೃತ್ತಿಯೊಂದು ಬಂದು ದೊಡ್ಡ ಚರ್ಚೆಯಾಯಿತು. ನನ್ನ ಮಟ್ಟಿಗೆ ಪುಸ್ತಕದ ನಿಜವಾದ ದೋಷ ಕೊನೆಯ ಅಧ್ಯಾಯಗಳಲ್ಲಿದೆ. ಅಲ್ಲಿ ಹಕ್‌ನ ಗೆಳೆಯ ಟಾಮ್ ಸಾಯರ್ ಬಂದು ಜಿಮ್‌ನ ಬಿಡುಗಡೆಯನ್ನು ಮಕ್ಕಳಾಟವಾಗಿ ಮಾಡಿಬಿಡುತ್ತಾನೆ. ತಾವು ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ಕನ್ನಡದಲ್ಲಿ ವಿವರಿಸುವುದಾದರೆ ಗ್ರಾಂಥಿಕ ಕನ್ನಡವನ್ನು ಬದಿಗಿಟ್ಟು ಧಾರವಾಡದ ಮಾತಿನಲ್ಲೇ ಹೇಳಿ ನೋಡಿ.

ಪ್ರಶ್ನೆ: ಎಮಿಲಿ ಡಿಕಿನ್‌ಸನ್ ಪದ್ಯಗಳು ಒಂದು ಪುಸ್ತಕದಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿವೆ. ಯಾವುದು ಸರಿ? (ಕವಯಿತ್ರಿ, ಸಾಗರ)

ಉತ್ತರ: ಸಾಲುಗಳ ನಡುವೆ ಅಡ್ಡಗೆರೆಗಳು (—) ಹೆಚ್ಚಾಗಿರುವುದೇ ಮೂಲಕ್ಕೆ ಹತ್ತಿರ. ಮ್ಯಾಸಚೂಸೆಟ್ಸಿನ ಆಮ್‌ಹರ್ಸ್ಟ್ ಊರಿನ ಡಿಕಿನ್‌ಸನ್ ಸುಮಾರು 1,800 ಕವಿತೆಗಳನ್ನು ಬರೆದರು. ಬದುಕಿದ್ದಾಗ ಅಚ್ಚಾದವು ಸುಮಾರು ಹತ್ತು, ಅವೂ ಹೆಸರಿಲ್ಲದೆ. 1886ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಲವಿನಿಯಾಗೆ ಸಿಕ್ಕಿದ ಹಾಳೆಗಳಲ್ಲಿ, ಕವಯಿತ್ರಿ ಸ್ವತಃ ಸೂಜಿದಾರದಿಂದ ಹೊಲಿದ ಪುಟ್ಟ ಕಟ್ಟುಗಳೇ ನಲವತ್ತು ಇದ್ದವು. ಮೇಬಲ್ ಲೂಮಿಸ್ ಟಾಡ್ ಮತ್ತು ಟಿ. ಡಬ್ಲ್ಯೂ. ಹಿಗಿನ್‌ಸನ್ ಅವುಗಳಿಂದ ಆಯ್ದು 1890ರಲ್ಲಿ ಮೊದಲ ಸಂಕಲನವನ್ನು ಹೊರತಂದರು. ತನ್ನ ಪದ್ಯಗಳಿಗೆ ಜೀವವಿದೆಯೇ ಎಂದು 1862ರಲ್ಲಿ ಕವಯಿತ್ರಿ ಪತ್ರ ಬರೆದು ಕೇಳಿದ್ದು ಇದೇ ಹಿಗಿನ್‌ಸನ್‌ಗೆ. ಸಂಪಾದಕರಿಬ್ಬರೂ ಸದುದ್ದೇಶದಿಂದಲೇ ಪ್ರಾಸಗಳನ್ನು ಸರಿಪಡಿಸಿದರು, ಶೀರ್ಷಿಕೆಗಳನ್ನು ಕೊಟ್ಟರು, ಉಸಿರು ಕಟ್ಟಿ ನಿಲ್ಲುವಂತೆ ಕವಯಿತ್ರಿ ಎಳೆದಿದ್ದ ಅಡ್ಡಗೆರೆಗಳ ಬದಲು ಅಲ್ಪವಿರಾಮಗಳನ್ನು ಹಾಕಿದರು. ಮನೆಗೆ ಬಂದ ಅತಿಥಿಗೆ ತಲೆ ಬಾಚಿ ಕುಳ್ಳಿರಿಸಿದ ಹಾಗಾಯಿತು. 1955ರಲ್ಲಿ ಥಾಮಸ್ ಜಾನ್‌ಸನ್ ಹಸ್ತಪ್ರತಿಗಳನ್ನು ನೋಡಿ ಮೂರು ಸಂಪುಟಗಳ ಆವೃತ್ತಿಯನ್ನು ಸಿದ್ಧಪಡಿಸುವವರೆಗೆ ಎಲ್ಲ ಕವಿತೆಗಳೂ ಮೂಲರೂಪದಲ್ಲಿ ಒಂದೆಡೆ ಸಿಕ್ಕಿರಲಿಲ್ಲ. ಹಾಗೆ ನೋಡಿದರೆ ಹತ್ತೊಂಬತ್ತನೆಯ ಶತಮಾನದ ಈ ಕವಯಿತ್ರಿಯನ್ನು ಜಗತ್ತು ಸರಿಯಾಗಿ ಓದಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಪ್ರಶ್ನೆ: ನಮ್ಮ ಶಸ್ತ್ರಚಿಕಿತ್ಸೆಯ ಇತಿಹಾಸದ ಪಾಠದಲ್ಲಿ ‘ಗ್ರಾಸ್ ಕ್ಲಿನಿಕ್’ ಚಿತ್ರವನ್ನು ತೋರಿಸಿದರು. ವೈದ್ಯರು ಕರಿ ಕೋಟಿನಲ್ಲಿದ್ದಾರೆ, ಕೈಯಲ್ಲಿ ರಕ್ತ. ಇದು ಕಲೆಯ ದೃಷ್ಟಿಯಿಂದಲೂ ಮುಖ್ಯವೇ? (ವೈದ್ಯಕೀಯ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಆ ಶತಮಾನದ ಅಮೆರಿಕದ ಚಿತ್ರಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದೆಂದರೆ ನಾನು ಅದನ್ನೇ ಆರಿಸುತ್ತೇನೆ. ಚಿತ್ರಕಾರ ಥಾಮಸ್ ಈಕಿನ್ಸ್ ಫಿಲಡೆಲ್ಫಿಯಾದವನು. ಪ್ಯಾರಿಸಿನಲ್ಲಿ ಜೆರೋಮ್ ಎಂಬ ಹೆಸರಾಂತ ಕಲಾವಿದನ ಬಳಿ ಕಲಿತು 1870ರಲ್ಲಿ ಊರಿಗೆ ಮರಳಿದ. ಜಾನ್ ಸಿಂಗರ್ ಸಾರ್ಜೆಂಟ್, ಮೇರಿ ಕಸಾಟ್, ವಿಸ್ಲರ್ ಮೊದಲಾದ ಅವನ ಸಮಕಾಲೀನರು ಯೂರೋಪಿನಲ್ಲಿಯೇ ನೆಲೆಸಿ ಹೆಸರು ಮಾಡಿದರು. ಅವರ ಪ್ರತಿಭೆ ಕಡಿಮೆಯದೇನಲ್ಲ, ಆದರೆ ಅವರ ಕಥೆ ಲಂಡನ್ ಮತ್ತು ಪ್ಯಾರಿಸಿನ ಕಥೆ. ಈಕಿನ್ಸ್ ತನ್ನ ಊರಿನ ದೋಣಿ ಹುಟ್ಟುಹಾಕುವವರನ್ನು, ಗಾಯಕಿಯರನ್ನು, ವೈದ್ಯರನ್ನು ಬರೆದ. ಅಂಗರಚನೆಯನ್ನು ಜೆಫರ್‌ಸನ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತಿದ್ದ ಅವನು, ಅಲ್ಲಿನ ಪ್ರಸಿದ್ಧ ಶಸ್ತ್ರವೈದ್ಯ ಸ್ಯಾಮ್ಯುಯಲ್ ಗ್ರಾಸ್ ವಿದ್ಯಾರ್ಥಿಗಳ ಎದುರು ಶಸ್ತ್ರಕ್ರಿಯೆ ಮಾಡುವ ದೃಶ್ಯವನ್ನು 1875ರಲ್ಲಿ ಎಂಟು ಅಡಿ ಎತ್ತರದ ಬಟ್ಟೆಯ ಮೇಲೆ ಚಿತ್ರಿಸಿದ.

ಯುವಕನೊಬ್ಬನ ತೊಡೆಯಲ್ಲಿ ಸತ್ತುಹೋದ ಮೂಳೆಯ ಭಾಗವನ್ನು ತೆಗೆಯುತ್ತಿದ್ದಾರೆ. ಅಂಥ ಸೋಂಕಿಗೆ ಹಿಂದೆ ಕಾಲನ್ನೇ ಕತ್ತರಿಸುತ್ತಿದ್ದರು. ಇಲ್ಲಿ ಕಾಲು ಉಳಿಯುತ್ತಿದೆ ಎಂಬುದೇ ಪಾಠ. ತಾವು ಗಮನಿಸಿದ ಕರಿ ಕೋಟು ಚಿತ್ರದ ತಾರೀಖನ್ನು ಹೇಳುತ್ತದೆ. ಗಾಯದ ಸೋಂಕನ್ನು ತಡೆಯುವ ತನ್ನ ವಿಧಾನವನ್ನು ವಿವರಿಸಲು ಜೋಸೆಫ್ ಲಿಸ್ಟರ್ 1876ರಲ್ಲಿ ಫಿಲಡೆಲ್ಫಿಯಾಕ್ಕೇ ಬಂದಿದ್ದ. ಗ್ರಾಸ್‌ನಂಥ ಹಿರಿಯರು ಆಗಲೂ ಅದನ್ನು ನಂಬಲಿಲ್ಲ. ಈಕಿನ್ಸ್ 1889ರಲ್ಲಿ ಬರೆದ ‘ಆಗ್ನ್ಯೂ ಕ್ಲಿನಿಕ್’ ಎಂಬ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ: ವೈದ್ಯರೆಲ್ಲ ಬಿಳಿಯ ನಿಲುವಂಗಿಯಲ್ಲಿದ್ದಾರೆ, ದಾದಿಯೊಬ್ಬಳು ನಿಂತಿದ್ದಾಳೆ, ಕೋಣೆಯೇ ಬೆಳಗುತ್ತಿದೆ. ಹದಿನಾಲ್ಕು ವರ್ಷಗಳಲ್ಲಿ ವೈದ್ಯಶಾಸ್ತ್ರ ಎಷ್ಟು ಬದಲಾಯಿತೆಂಬುದನ್ನು ಈ ಎರಡು ಚಿತ್ರಗಳಷ್ಟು ಬೇಗ ಹೇಳುವ ಪುಸ್ತಕವನ್ನು ನಾನು ಓದಿಲ್ಲ.

ಕಲೆಯ ದೃಷ್ಟಿಯಿಂದ ಮುಖ್ಯವಾದದ್ದು ಬೆಳಕು. ಕತ್ತಲು ತುಂಬಿದ ಆ ಸಭಾಂಗಣದಲ್ಲಿ ಬೆಳಕು ಬೀಳುವುದು ಎರಡು ಕಡೆ, ಗ್ರಾಸ್‌ನ ಹಣೆಯ ಮೇಲೆ ಮತ್ತು ರಕ್ತ ಮೆತ್ತಿದ ಅವನ ಕೈಯ ಮೇಲೆ. ಎಡಕ್ಕೆ ಕಪ್ಪು ಉಡುಪಿನ ಹೆಂಗಸೊಬ್ಬಳು, ಬಹುಶಃ ರೋಗಿಯ ತಾಯಿ, ಕೈಗಳನ್ನು ಸೆಟೆಸಿ ಮುಖ ಮುಚ್ಚಿಕೊಂಡಿದ್ದಾಳೆ. ಯೂರೋಪಿನ ಮಹಾಕಲಾವಿದರು ಸಂತರಿಗೂ ಹುತಾತ್ಮರಿಗೂ ಕೊಡುತ್ತಿದ್ದ ಗಾಂಭೀರ್ಯವನ್ನು ಈಕಿನ್ಸ್ ತನ್ನೂರಿನ ಕೆಲಸಗಾರನೊಬ್ಬನಿಗೆ ಕೊಟ್ಟ. ದೇಶದ ನೂರನೆಯ ವರ್ಷದ ಅಂಗವಾಗಿ 1876ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ನಡೆದ ಮಹಾಪ್ರದರ್ಶನದ ತೀರ್ಪುಗಾರರಿಗೆ ಇದು ಸಹಿಸಲಿಲ್ಲ. ಕಲಾವಿಭಾಗದಲ್ಲಿ ತಿರಸ್ಕೃತವಾದ ಚಿತ್ರವನ್ನು ಸೈನ್ಯದ ಮಾದರಿ ಆಸ್ಪತ್ರೆಯಲ್ಲಿ, ಮಂಚಗಳ ನಡುವೆ ತೂಗುಹಾಕಿದರು. ಕಾಲೇಜಿನ ಹಳೆಯ ವಿದ್ಯಾರ್ಥಿಗಳು 200 ಡಾಲರಿಗೆ ಅದನ್ನು ಕೊಂಡರು. 2006ರಲ್ಲಿ ಕಾಲೇಜು ಅದನ್ನು ಮಾರಲು ಹೊರಟಾಗ, ಊರು ಬಿಟ್ಟು ಹೋಗಬಾರದೆಂದು ಫಿಲಡೆಲ್ಫಿಯಾದ ಎರಡು ಕಲಾಸಂಸ್ಥೆಗಳು ಸೇರಿ 6 ಕೋಟಿ 80 ಲಕ್ಷ ಡಾಲರ್ ಹೊಂದಿಸಿ ಉಳಿಸಿಕೊಂಡವು. ಆ ಎರಡರಲ್ಲಿ ಒಂದಾದ ಪೆನ್ಸಿಲ್ವೇನಿಯಾ ಅಕಾಡೆಮಿಯೇ, ಹೆಣ್ಣುಮಕ್ಕಳೂ ಇದ್ದ ತರಗತಿಯಲ್ಲಿ ಪುರುಷ ಮಾದರಿಯ ಕೌಪೀನವನ್ನು ತೆಗೆಸಿ ಅಂಗರಚನೆ ಕಲಿಸಿದನೆಂಬ ಕಾರಣಕ್ಕೆ, 1886ರಲ್ಲಿ ಈಕಿನ್ಸ್‌ನಿಂದ ರಾಜೀನಾಮೆ ಪಡೆದಿತ್ತು.

ಪ್ರಶ್ನೆ: ಗಗನಚುಂಬಿ ಕಟ್ಟಡಗಳು ನ್ಯೂಯಾರ್ಕಿಗಿಂತ ಷಿಕಾಗೋದಲ್ಲಿ ಹುಟ್ಟಿದವೆನ್ನುವುದು ನಿಜವೇ? ಲಿಫ್ಟ್ ಬಂದದ್ದೇ ಕಾರಣವೇ? (ಸಿವಿಲ್ ಎಂಜಿನಿಯರ್, ಬೆಂಗಳೂರು)

ಉತ್ತರ: ಲಿಫ್ಟ್ ಇಲ್ಲದೆ ಆಗುತ್ತಿರಲಿಲ್ಲ, ಆದರೆ ಲಿಫ್ಟ್ ಒಂದರಿಂದಲೇ ಆಗಲಿಲ್ಲ. ಹಗ್ಗ ಕಡಿದರೂ ಬೀಳದ ಲಿಫ್ಟನ್ನು ಎಲಿಷಾ ಓಟಿಸ್ ನ್ಯೂಯಾರ್ಕಿನಲ್ಲಿ 1850ರ ದಶಕದಲ್ಲಿಯೇ ಜನರೆದುರು ತೋರಿಸಿದ್ದ. ಎತ್ತರದ ಕಟ್ಟಡಗಳನ್ನು ನ್ಯೂಯಾರ್ಕ್ ಕೂಡ ಕಟ್ಟಿತು. ಆದರೆ ಎತ್ತರಕ್ಕೆ ಬೇಕಾದ ಹೊಸ ಅಸ್ಥಿಪಂಜರವೂ ಅದಕ್ಕೊಪ್ಪುವ ರೂಪವೂ ಒಟ್ಟಿಗೆ ಬೆಳೆದದ್ದು ಷಿಕಾಗೋದಲ್ಲಿ. ಧಾನ್ಯ, ಮಾಂಸ, ಮರಗಳ ವ್ಯಾಪಾರವೆಲ್ಲ ಕೂಡುವ ರೈಲು ಜಂಕ್ಷನ್ ಅದು. ಪೇಟೆಯ ನಡುಭಾಗಕ್ಕೆ ಒಂದು ಕಡೆ ಸರೋವರ, ಎರಡು ಕಡೆ ನದಿ, ಮತ್ತೊಂದು ಕಡೆ ರೈಲಿನ ಅಂಗಳ, ಆದ್ದರಿಂದ ಅಡ್ಡಕ್ಕೆ ಹರಡಲು ಜಾಗವಿಲ್ಲ. 1871ರ ಅಕ್ಟೋಬರಿನ ಬೆಂಕಿಯಲ್ಲಿ ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು, ಪೇಟೆ ಸುಟ್ಟು ಬಯಲಾಯಿತು. ಕಬ್ಬಿಣ ಬೆಂಕಿಯಲ್ಲಿ ಉರಿಯದಿದ್ದರೂ ಬಾಗಿ ಕುಸಿಯುತ್ತದೆ ಎಂಬುದನ್ನು ಕಂಡವರು, ಪ್ರತಿ ಕಂಬಕ್ಕೂ ತೊಲೆಗೂ ಸುಟ್ಟ ಜೇಡಿಮಣ್ಣಿನ ಕವಚ ತೊಡಿಸುವುದನ್ನು ಕಲಿತರು.

ವಿಲಿಯಂ ಜೆನ್ನಿ 1885ರಲ್ಲಿ ಮುಗಿಸಿದ ಹತ್ತು ಮಹಡಿಗಳ ‘ಹೋಮ್ ಇನ್ಶೂರೆನ್ಸ್’ ಕಟ್ಟಡವನ್ನು ಮೊದಲ ಗಗನಚುಂಬಿ ಎನ್ನುವುದುಂಟು. ಅದರ ಭಾರದ ಹೆಚ್ಚಿನ ಪಾಲು ಲೋಹದ ಚೌಕಟ್ಟಿನ ಮೇಲಿತ್ತು, ಎಲ್ಲವೂ ಅಲ್ಲ. ಹಾಗಾಗಿ ‘ಮೊದಲು’ ಎಂಬ ಪಟ್ಟದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಅದನ್ನು ಇತ್ಯರ್ಥಪಡಿಸಲು ಕಟ್ಟಡವೂ ಇಲ್ಲ, ಏಕೆಂದರೆ 1931ರಲ್ಲಿ ಕೆಡವಿದರು. ತಮ್ಮಂಥ ಎಂಜಿನಿಯರುಗಳು ನೋಡಬೇಕಾದದ್ದು ಇಂದಿಗೂ ನಿಂತಿರುವ ‘ಮೊನಾಡ್‌ನಾಕ್’ ಕಟ್ಟಡ. ಅದರ ಉತ್ತರದ ಅರ್ಧವನ್ನು ಬರ್ನ್‌ಹಾಮ್ ಮತ್ತು ರೂಟ್ 1891ರಲ್ಲಿ ಇಟ್ಟಿಗೆಯ ಗೋಡೆಗಳ ಮೇಲೆಯೇ ಹದಿನಾರು ಮಹಡಿ ಎತ್ತರಿಸಿದರು. ಅಷ್ಟು ಭಾರ ಹೊರಲು ನೆಲದ ಬಳಿ ಗೋಡೆ ಆರು ಅಡಿ ದಪ್ಪವಾಗಬೇಕಾಯಿತು, ಬಾಡಿಗೆ ತರಬೇಕಾದ ಜಾಗವನ್ನು ಗೋಡೆಯೇ ನುಂಗಿತು, ಷಿಕಾಗೋದ ಮೆತ್ತನೆಯ ಜೇಡಿನೆಲದಲ್ಲಿ ಕಟ್ಟಡ ಎಣಿಸಿದ್ದಕ್ಕಿಂತ ಹೆಚ್ಚು ಇಳಿಯಿತು. ಎರಡೇ ವರ್ಷಗಳ ನಂತರ ಹೊಲಾಬರ್ಡ್ ಮತ್ತು ರೋಷ್ ಕಟ್ಟಿದ ದಕ್ಷಿಣದ ಅರ್ಧಕ್ಕೆ ಉಕ್ಕಿನ ಚೌಕಟ್ಟು. ಒಂದು ಯುಗದ ಕೊನೆಯೂ ಇನ್ನೊಂದರ ಮೊದಲೂ ಒಂದೇ ಛಾವಣಿಯ ಕೆಳಗಿವೆ.

ಉಕ್ಕಿನ ಹಂದರ ಬಂದ ಮೇಲೆ ಗೋಡೆ ಬರಿಯ ಹೊದಿಕೆಯಾಯಿತು. ಹಾಗಾದರೆ ಆ ಹೊದಿಕೆ ಹೇಗಿರಬೇಕು? ರೋಮಿನ ಕಂಬಸಾಲುಗಳನ್ನು ಒಂದರ ಮೇಲೊಂದು ಪೇರಿಸಬೇಕೇ? ಬೇಡ, ಎತ್ತರವಾದದ್ದು ಎತ್ತರವಾಗಿಯೇ ಕಾಣಲಿ ಎಂದವನು ಷಿಕಾಗೋದ ವಾಸ್ತುಶಿಲ್ಪಿ ಲೂಯಿಸ್ ಸಲಿವನ್. ಸೇಂಟ್ ಲೂಯಿಸಿನ ‘ವೇನ್‌ರೈಟ್’ ಕಟ್ಟಡದಲ್ಲಿ ಕೆಳಗಿನ ಎರಡು ಮಹಡಿಗಳ ಮೇಲಿಂದ ಅವನ ಕೆಂಪು ಇಟ್ಟಿಗೆಯ ಪಟ್ಟಿಗಳು ನೆತ್ತಿಯತ್ತ ತಡೆಯಿಲ್ಲದೆ ಏರುತ್ತವೆ. ರೂಪವು ಯಾವಾಗಲೂ ಕಾರ್ಯವನ್ನು ಅನುಸರಿಸುತ್ತದೆ ಎಂಬ ಅವನ ಸೂತ್ರ 1896ರ ಪ್ರಬಂಧವೊಂದರಲ್ಲಿದೆ, ಇಂದಿಗೂ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅದನ್ನು ಉರುಹೊಡೆಯುತ್ತಾರೆ. ಆದರೆ ಅದೇ ವೇನ್‌ರೈಟಿನಲ್ಲಿ ಒಂದು ಬಿಟ್ಟು ಒಂದು ಇಟ್ಟಿಗೆಯ ಪಟ್ಟಿಯೊಳಗೆ ಮಾತ್ರ ಉಕ್ಕಿನ ಕಂಬವಿದೆ, ನಡುವಿನವು ಚೆಲುವಿಗಾಗಿ ಹಾಕಿದವು. ಸೂತ್ರಕಾರ ತನ್ನ ಸೂತ್ರಕ್ಕಿಂತ ದೊಡ್ಡ ಕಲಾವಿದನಾಗಿದ್ದ ಎಂದಷ್ಟೇ ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಪ್ರಶ್ನೆ: 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಷಿಕಾಗೋ ಮೇಳದ ‘ಶ್ವೇತನಗರಿ’ಯಲ್ಲಿಯೇ? ಆ ಕಟ್ಟಡಗಳು ಈಗಲೂ ಇವೆಯೇ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಅಲ್ಲಿ ಅಲ್ಲ. ಮೇಳ ನಡೆದದ್ದು ಪೇಟೆಯಿಂದ ದಕ್ಷಿಣಕ್ಕೆ ಹಲವು ಮೈಲಿ ದೂರದ ಜ್ಯಾಕ್‌ಸನ್ ಉದ್ಯಾನದಲ್ಲಿ. ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರ್ 11ರಂದು ಆರಂಭವಾದದ್ದು ಪೇಟೆಯ ನಡುವೆ, ಮಿಷಿಗನ್ ಅವೆನ್ಯೂದಲ್ಲಿ ಆಗಷ್ಟೇ ಎದ್ದಿದ್ದ, ಇಂದು ‘ಆರ್ಟ್ ಇನ್‌ಸ್ಟಿಟ್ಯೂಟ್’ ವಸ್ತುಸಂಗ್ರಹಾಲಯವಾಗಿರುವ ಕಟ್ಟಡದಲ್ಲಿ. ಅದರ ಬಾಗಿಲಿನ ಎರಡು ಕಂಚಿನ ಸಿಂಹಗಳು ಚಿತ್ರಗಳಲ್ಲಿ ಪ್ರಸಿದ್ಧ, ಆದರೆ ಸ್ವಾಮೀಜಿ ಮೆಟ್ಟಿಲೇರಿದಾಗ ಅವು ಇರಲಿಲ್ಲ. ಅಲ್ಲಿಗೆ ಬಂದದ್ದು 1894ರ ಮೇ ತಿಂಗಳಲ್ಲಿ. ಭಾಷಣ ನಡೆದ ಸಭಾಂಗಣ ತಾತ್ಕಾಲಿಕವಾದದ್ದು, ಈಗಿಲ್ಲ. ಕಟ್ಟಡ ಮಾತ್ರ ಗಟ್ಟಿ ಸುಣ್ಣಕಲ್ಲಿನದು, ಹಾಗೆಯೇ ಇದೆ. 2010ರಲ್ಲಿ ಕಲಾವಿದ ಜಿತೀಶ್ ಕಲ್ಲಾಟ್ ಆ ಭಾಷಣದ ಮಾತುಗಳನ್ನು ಅಲ್ಲಿನ ದೊಡ್ಡ ಮೆಟ್ಟಿಲುಸಾಲಿನ ಮೇಲೆ ವಿದ್ಯುದ್ದೀಪಗಳಲ್ಲಿ ಮೂಡಿಸಿದ್ದರು.

ಮೇಳವನ್ನೂ ಸ್ವಾಮೀಜಿ ನೋಡಿದ್ದರು. ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿದ್ದ ಅಳಸಿಂಗ ಪೆರುಮಾಳರಿಗೆ 1893ರ ಆಗಸ್ಟ್ 20ರಂದು ಬರೆದ ಪತ್ರದಲ್ಲಿ, ತಾವು ಷಿಕಾಗೋದಲ್ಲಿದ್ದ ಹನ್ನೆರಡು ದಿನಗಳಲ್ಲಿ ಹೆಚ್ಚುಕಡಿಮೆ ದಿನವೂ ಮೇಳಕ್ಕೆ ಹೋಗುತ್ತಿದ್ದುದಾಗಿಯೂ ಅದನ್ನು ಸುತ್ತಿ ನೋಡಲು ಹತ್ತು ದಿನಗಳಾದರೂ ಬೇಕೆಂದೂ ತಿಳಿಸಿದ್ದಾರೆ. ಆ ಪಯಣಕ್ಕೆ ನೆರವಾದವರಲ್ಲಿ ತಮ್ಮೂರಿನ ಚಾಮರಾಜೇಂದ್ರ ಒಡೆಯರೂ ಒಬ್ಬರೆಂಬುದು ತಮಗೆ ತಿಳಿದೇ ಇದೆ.

ಅಲ್ಲಿ ಅವರು ಕಂಡದ್ದೇನು? ಡೇನಿಯಲ್ ಬರ್ನ್‌ಹಾಮನ ಮೇಲ್ವಿಚಾರಣೆಯಲ್ಲಿ ಎದ್ದ, ಸರೋವರದ ಅಂಚಿನ ಬಿಳಿಯ ಅರಮನೆಗಳ ಸಾಲು. ಕಂಬ, ಕಮಾನು, ಗುಮ್ಮಟಗಳೆಲ್ಲ ರೋಮ್ ಮತ್ತು ಪ್ಯಾರಿಸಿನವು. ನೋಡಲು ಅಮೃತಶಿಲೆಯಂತಿದ್ದವು ನಿಜದಲ್ಲಿ ಉಕ್ಕು ಮತ್ತು ಮರದ ಹಂದರಕ್ಕೆ ಮೆತ್ತಿದ, ನಾರು ಕಲಸಿದ ಪ್ಲಾಸ್ಟರ್. ‘ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು’ ಎಂಬ ಗಾದೆ ಇದಕ್ಕೆ ತುಸು ಕಠಿಣವಾದೀತು, ಏಕೆಂದರೆ ಒಳಗಿನ ಉಕ್ಕಿನ ಕೆಲಸ ಆ ಕಾಲದ ಅತ್ಯುತ್ತಮ ಎಂಜಿನಿಯರಿಂಗ್. ಮುಚ್ಚಿಟ್ಟದ್ದೇ ಹೊರಗೆ ತೋರಿಸಿದ್ದಕ್ಕಿಂತ ಚೆನ್ನಾಗಿತ್ತು. ಎರಡೂಮುಕ್ಕಾಲು ಕೋಟಿಯಷ್ಟು ಪ್ರವೇಶಗಳು ದಾಖಲಾದ ಆ ಮೇಳದಿಂದ ಅಮೆರಿಕದ ಊರೂರುಗಳ ಪುರಭವನಗಳಿಗೂ ಬ್ಯಾಂಕುಗಳಿಗೂ ಕಂಬಸಾಲಿನ ಚಟ ಹತ್ತಿತು. ಸಲಿವನ್ ಮಾತ್ರ ತನ್ನ ‘ಸಾರಿಗೆ ಭವನ’ವನ್ನು ಬಿಳಿಯಾಗಿಸಲು ಒಪ್ಪದೆ ಬಣ್ಣಬಣ್ಣವಾಗಿ ಕಟ್ಟಿ, ಚಿನ್ನದ ಬಣ್ಣದ ಒಂದು ಮಹಾದ್ವಾರವನ್ನಿಟ್ಟ. ಈ ಮೇಳ ಮಾಡಿದ ಹಾನಿ ಅರ್ಧ ಶತಮಾನ ಉಳಿಯುತ್ತದೆಂದು ಮುಂದೆ ಆತ್ಮಕಥೆಯಲ್ಲಿ ಬರೆದ. ಕೆಲಸ ಸಿಗದೆ ಬಡವನಾಗಿ 1924ರಲ್ಲಿ ತೀರಿಕೊಂಡವನ ಮಾತು ಅದು, ಸ್ವಲ್ಪ ಕಹಿಯನ್ನು ಕಳೆದು ಓದಬೇಕು. ಶ್ವೇತನಗರಿಯ ಬಹುಪಾಲು 1894ರ ಜುಲೈ ಬೆಂಕಿಯಲ್ಲಿ ಹೋಯಿತು. ಚಿತ್ರಗಳನ್ನಿಟ್ಟಿದ್ದ ಕಲಾಭವನಕ್ಕೆ ಬೆಂಕಿಯ ಭಯದಿಂದ ಒಳಗೆ ಇಟ್ಟಿಗೆಯ ಗೋಡೆಗಳನ್ನು ಹಾಕಿದ್ದರಿಂದ ಅದು ಉಳಿಯಿತು. ಮುಂದೆ ಹೊರಮೈಯನ್ನು ಕಲ್ಲಿನಲ್ಲಿ ಹೊಸದಾಗಿ ಕಟ್ಟಲಾಗಿ, ಇಂದು ವಿಜ್ಞಾನ ಮತ್ತು ಕೈಗಾರಿಕೆಯ ವಸ್ತುಸಂಗ್ರಹಾಲಯವಾಗಿದೆ.

ಪ್ರಶ್ನೆ: ಗುಲಾಮಗಿರಿ ಹೋದ ಮೇಲೆ ಕರಿಯ ಲೇಖಕರು ಯಾರೂ ಬರಲಿಲ್ಲವೇ? (ಗ್ರಂಥಪಾಲಕಿ, ಕಲಬುರಗಿ)

ಉತ್ತರ: ಬಂದರು. ಚಾರ್ಲ್ಸ್ ಚೆಸ್ನಟ್ ಅವರ ಕಥೆ 1887ರಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಬಂದಾಗ ಬರೆದವರು ಕರಿಯರೆಂದು ಓದುಗರಿಗೆ ತಿಳಿದಿರಲಿಲ್ಲ. ಆದರೆ ತಮಗೆ ನಾನು ಹೇಳಬಯಸುವುದು ಪಾಲ್ ಲಾರೆನ್ಸ್ ಡನ್‌ಬಾರ್ ಅವರ ಬಗ್ಗೆ. ಗುಲಾಮರಾಗಿದ್ದ ತಂದೆತಾಯಿಯರ ಮಗನಾಗಿ ಒಹಾಯೋದ ಡೇಟನ್ನಿನಲ್ಲಿ 1872ರಲ್ಲಿ ಹುಟ್ಟಿದ ಅವರಿಗೆ, ಪ್ರೌಢಶಾಲೆಯಲ್ಲಿ ಹೆಸರು ಮಾಡಿದ್ದರೂ ಸಿಕ್ಕಿದ್ದು ಕಚೇರಿ ಕಟ್ಟಡವೊಂದರ ಲಿಫ್ಟ್ ನಡೆಸುವ ಕೆಲಸ, ವಾರಕ್ಕೆ ನಾಲ್ಕು ಡಾಲರ್. ಸಾಲ ಮಾಡಿ ಅಚ್ಚುಹಾಕಿಸಿದ ಮೊದಲ ಕವನಸಂಕಲನವನ್ನು ಅದೇ ಲಿಫ್ಟಿನಲ್ಲಿ ಮಹಡಿ ಹತ್ತಿಳಿಯುವವರಿಗೆ ಡಾಲರಿಗೊಂದರಂತೆ ಮಾರಿದರು. ಆ ಕಾಲದ ಹಿರಿಯ ವಿಮರ್ಶಕ ವಿಲಿಯಂ ಡೀನ್ ಹವೆಲ್ಸ್ 1896ರಲ್ಲಿ ಅವರನ್ನು ಹೊಗಳಿ ಬರೆದದ್ದೇ ದೇಶಕ್ಕೆಲ್ಲ ಹೆಸರಾಯಿತು. ಹೊಗಳಿಕೆ ಮಾತ್ರ ಕರಿಯರ ಆಡುಮಾತಿನ ಪದ್ಯಗಳಿಗೆ ಮೀಸಲಾಗಿತ್ತು; ಶಿಷ್ಟ ಇಂಗ್ಲಿಷಿನಲ್ಲಿ ಬರೆದ ಹೆಚ್ಚಿನ ಪದ್ಯಗಳನ್ನು ಆಮೇಲೆ ಯಾರೂ ಕೇಳಲಿಲ್ಲ. ಹವೆಲ್ಸ್ ತನಗೆ ಸರಿಪಡಿಸಲಾಗದ ಹಾನಿ ಮಾಡಿದನೆಂದು ಡನ್‌ಬಾರ್ ಸ್ನೇಹಿತರಿಗೆ ಬರೆದುಕೊಂಡರು. ಟ್ವೇನ್‌ಗೆ ಬೇಲಿ ಕಿತ್ತ ಆಡುಮಾತು ಇವರಿಗೆ ಹೊಸ ಬೇಲಿಯಾಯಿತು. ಬಿಳಿಯ ಲೇಖಕನಿಗೆ ಅದು ಆಯ್ಕೆ, ಕರಿಯ ಕವಿಗೆ ಕಟ್ಟಳೆ.

1897ರಲ್ಲಿ ಅವರು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಗುಮಾಸ್ತರಾಗಿ ಸೇರಿದರು. ಆ ವರ್ಷವೇ ತೆರೆದ ಆ ಹೊಸ ಕಟ್ಟಡ ಗ್ರಂಥಪಾಲಕರಾದ ತಮಗೆ ಚಿತ್ರಗಳಲ್ಲಿಯಾದರೂ ಪರಿಚಿತವಿರಬೇಕು: ಅಮೃತಶಿಲೆಯ ಮೆಟ್ಟಿಲುಗಳು, ಗೋಡೆಯ ತುಂಬ ಚಿತ್ರಗಳು, ಗುಮ್ಮಟಕ್ಕೆ 23 ಕ್ಯಾರಟ್ ಚಿನ್ನದ ರೇಕು. ಡನ್‌ಬಾರ್ ಕೆಲಸ ಮಾಡುತ್ತಿದ್ದುದು ಅದರ ಕೆಳಗೆ, ಪುಸ್ತಕಗಳ ಕಬ್ಬಿಣದ ಕಪಾಟುಗಳ ನಡುವೆ. 1899ರಲ್ಲಿ ಪ್ರಕಟವಾದ ‘ಸಿಂಪತಿ’ ಎಂಬ ಪದ್ಯದಲ್ಲಿ ಪಂಜರದ ಹಕ್ಕಿಯೊಂದು ಸರಳುಗಳಿಗೆ ರೆಕ್ಕೆ ಬಡಿದು ಬಡಿದು ರಕ್ತ ಸುರಿಸುತ್ತದೆ. ಬೇಸಗೆಯಲ್ಲಿ ಕಾದ ಆ ಕಪಾಟುಗಳ ಕಬ್ಬಿಣದ ಜಾಲರಿಯೇ ಅವರಿಗೆ ಪಂಜರದ ಸರಳಾಗಿ ತೋರಿತೆಂದು ಅವರ ಪತ್ನಿ ಆಲಿಸ್ ಮುಂದೆ ಬರೆದರು. ಗುಮ್ಮಟದ ಆ ಚಿನ್ನವನ್ನು 1931ರಲ್ಲಿ ತೆಗೆದು ತಾಮ್ರ ಹೊದಿಸಿದರು.